ನ್ಯಾಸ್ ಸ್ಲೋ ಆಯ್ತಾ? ಡಿಸ್ಕ್ ಯಾರ ಕೆಲಸ ಮಾಡ್ತಿದೆ ಅಂತ ಮೊದಲು ನೋಡಿ

“ಸರ್ವರ್ ಭಯಂಕರ ಸ್ಲೋ ಉಂಟು ಮಾರ್ರೆ. ಒಂದು ಫೋಲ್ಡರ್ ಓಪನ್ ಆಗ್ಲಿಕ್ಕೆ ಚಾ ಕುಡಿದು ಬರಬಹುದು.”

ಉಡುಪಿ, ಮಣಿಪಾಲ, ಮಂಗಳೂರು ಕಡೆ ಸಿಸ್ಟಮ್ ಕೆಲಸ ಮಾಡುವವರಿಗೆ ಈ ಫೋನು ಹೊಸತಲ್ಲ. ಮದುವೆ ವಿಡಿಯೋ ಎಡಿಟ್ ಮಾಡುವ ಸ್ಟುಡಿಯೋ, ರಾತ್ರಿಯಿಡೀ ಯಕ್ಷಗಾನ ರೆಕಾರ್ಡ್ ಮಾಡಿ ತರುವವರು, ಟ್ಯಾಲಿ ಹಾಕಿಕೊಂಡ ಆಡಿಟರ್ ಆಫೀಸು. ಎಲ್ಲರ ಮೂಲೆಯಲ್ಲೂ ಈಗ ಒಂದು ನ್ಯಾಸ್ ಪೆಟ್ಟಿಗೆಯೋ (ಎಲ್ಲರೂ ನೆಟ್‌ವರ್ಕ್‌ನಲ್ಲಿ ಹಂಚಿಕೊಳ್ಳುವ ಡಿಸ್ಕ್‌ಗಳ ಪೆಟ್ಟಿಗೆ) ಲಿನಕ್ಸ್ ಹಾಕಿದ ಸ್ಟೋರೇಜ್ ಸರ್ವರೋ ಕೂತಿರುತ್ತದೆ. ಅದು ಸ್ಲೋ ಆದ ಕೂಡಲೇ ಬರುವ ಸಲಹೆ ಎರಡು. ಒಂದು, ರೀಸ್ಟಾರ್ಟ್ ಮಾಡಿ. ಇನ್ನೊಂದು, ಡಿಸ್ಕ್ ಹೋಗಿದೆ, ಹೊಸತು ಹಾಕಿ.

ದಯವಿಟ್ಟು ಎರಡನ್ನೂ ಸದ್ಯಕ್ಕೆ ಬದಿಗಿಡಿ. ರೀಸ್ಟಾರ್ಟ್ ಮಾಡಿದರೆ ಏನು ನಡೀತಿತ್ತು ಅನ್ನೋ ಸುಳಿವೇ ಅಳಿಸಿಹೋಗುತ್ತದೆ. ಡಿಸ್ಕ್ ನಿಜವಾಗಿಯೂ ಸಾಯುವ ಹಂತದಲ್ಲಿದ್ದರೆ, ಒಮ್ಮೆ ಆಫ್ ಆದದ್ದು ಮತ್ತೆ ಏಳದೇ ಇರಲೂಬಹುದು. ತೊಂದರೆ ನಡೀತಿರುವಾಗಲೇ ಸರ್ವರ್ ಮುಂದೆ ಕೂತು ಓದಿಕೊಳ್ಳುವುದು ಒಳ್ಳೆಯದು. ಮುಂದೆ ಹೇಳುವುದೆಲ್ಲ ಲಿನಕ್ಸ್ ಸರ್ವರ್‌ಗೆ. ಸಿನಾಲಜಿ, ಕ್ಯೂನ್ಯಾಪ್‌ನಂಥ ಪೆಟ್ಟಿಗೆಗಳ ಒಳಗೂ ಲಿನಕ್ಸೇ ಇರುವುದರಿಂದ, ದೂರದಿಂದಲೇ ಕಮಾಂಡ್ ಕೊಡಲು ಬಿಡುವ ಎಸ್‌ಎಸ್‌ಎಚ್ ಆನ್ ಮಾಡಿಕೊಂಡರೆ ಇದರಲ್ಲಿ ಬಹುಪಾಲು ಅಲ್ಲೂ ನಡೆಯುತ್ತದೆ.

ಮೊದಲು ಕೇಬಲ್ ವಿಚಾರ ಮುಗಿಸಿ

ಇದಕ್ಕೆ ಜಾಸ್ತಿ ಹೊತ್ತು ಬೇಡ. ಕೇಬಲ್ ಹಾಕಿದ ಒಂದು ಸಿಸ್ಟಮ್‌ನಿಂದ ದೊಡ್ಡ ಫೈಲೊಂದನ್ನು ಕಾಪಿ ಮಾಡಿ ನೋಡಿ. ವೈಫೈನಲ್ಲಿ ನೋಡಿ ತೀರ್ಮಾನಕ್ಕೆ ಬರಬೇಡಿ. ಗಿಗಾಬಿಟ್ ಲೈನಿನ ಲೆಕ್ಕದ ಮಿತಿ ಸೆಕೆಂಡಿಗೆ 125 ಎಂಬಿ. ಕೈಗೆ ಸಿಗುವುದು 110ರ ಆಸುಪಾಸು. ಕಾಪಿ 11-12 ಎಂಬಿಗೆ ಅಂಟಿಕೊಂಡು ಕೂತರೆ ಡಿಸ್ಕನ್ನು ಮುಟ್ಟುವುದೇ ಬೇಡ, ಲಿಂಕ್ ಎಲ್ಲೋ 100 ಮೆಗಾಬಿಟ್‌ಗೆ ಇಳಿದಿದೆ. ಗಿಗಾಬಿಟ್‌ಗೆ ಕೇಬಲಿನ 8 ವಯರೂ ಬೇಕು, 100ಕ್ಕೆ 4 ಸಾಕು. ಒಂದು ವಯರ್ ಸಡಿಲವಾದರೂ ಸ್ವಿಚ್ ಸುಮ್ನೆ ಕೆಳಗಿನ ವೇಗಕ್ಕೆ ಇಳಿಯುತ್ತದೆ, ಯಾರಿಗೂ ಹೇಳುವುದಿಲ್ಲ. ‘ಈಥ್‌ಟೂಲ್’ ಹಾಕಿದರೆ ಸರ್ವರ್ ಕಡೆಯ ವೇಗ ಕಾಣುತ್ತದೆ. ‘ಐಪರ್ಫ್3’ ಓಡಿಸಿದಾಗ 940 ಮೆಗಾಬಿಟ್ ಹತ್ತಿರ ಬಂದರೆ ನೆಟ್‌ವರ್ಕ್ ಸರಿ ಇದೆ. ಈ ಪರೀಕ್ಷೆ ಡಿಸ್ಕನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಅನುಮಾನ ಅಲ್ಲಿಗೇ ತೀರುತ್ತದೆ.

ಐಓಸ್ಟ್ಯಾಟ್ ಓದುವುದು

ನಿಜವಾದ ಕೆಲಸ ಇಲ್ಲಿ. ‘ಸಿಸ್‌ಸ್ಟ್ಯಾಟ್’ ಪ್ಯಾಕೇಜ್ ಹಾಕಿಕೊಂಡರೆ ‘ಐಓಸ್ಟ್ಯಾಟ್’ ಬರುತ್ತದೆ. ಅದನ್ನು ‘ಎಕ್ಸ್’ ಆಪ್ಶನ್ ಜೊತೆ, 5 ಸೆಕೆಂಡಿಗೊಮ್ಮೆ ಓಡುವಂತೆ ಬಿಡಿ. ಮೊದಲು ಬರುವ ಪಟ್ಟಿಯನ್ನು ನೋಡಲೇಬೇಡಿ. ಅದು ಸರ್ವರ್ ಆನ್ ಆದಾಗಿನಿಂದ ಇಲ್ಲಿವರೆಗಿನ ಸರಾಸರಿ. ಎರಡನೆಯದರಿಂದ ಈ ಹೊತ್ತಿನ ಲೆಕ್ಕ ಶುರು.

ಕಾಲಮ್‌ಗಳು ತುಂಬ ಇರುತ್ತವೆ. ನನ್ನ ಕಣ್ಣು ಮೊದಲು ಹೋಗುವುದು ‘ಅವೇಟ್’ ಮೇಲೆ. ಓದಿಗೆ ಒಂದು, ಬರೆಯುವುದಕ್ಕೆ ಒಂದು ಇರುತ್ತದೆ. ಒಂದು ಕೋರಿಕೆ ಡಿಸ್ಕಿಗೆ ಹೋಗಿ ಮುಗಿದು ಬರಲು ಸರಾಸರಿ ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಅಂತ ಅದು ಹೇಳುತ್ತದೆ, ಕ್ಯೂನಲ್ಲಿ ಕಾದ ಹೊತ್ತೂ ಸೇರಿ. ಬಳಸುವವರಿಗೆ ‘ಸ್ಲೋ’ ಅನಿಸುವುದು ಈ ಕಾಯುವಿಕೆಯೇ. ಆಮೇಲೆ ಸೆಕೆಂಡಿಗೆ ಎಷ್ಟು ಓದು, ಎಷ್ಟು ಬರಹ ಅನ್ನುವುದು. ಆಮೇಲೆ ಕ್ಯೂ ಉದ್ದ. ಎಲ್ಲರೂ ಮೊದಲು ನೋಡುವ ಎಂಬಿ ಲೆಕ್ಕವನ್ನು ನಾನು ಕೊನೆಗೆ ನೋಡುತ್ತೇನೆ.

ಯಾಕೆ ಅಂತ ಒಂದು ಲೆಕ್ಕ ಹಾಕಿ ನೋಡೋಣ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಒಂದು ಸುತ್ತಿಗೆ 8.33 ಮಿಲಿಸೆಕೆಂಡ್ ತಗೊಳ್ಳುತ್ತದೆ. ಬೇಕಾದ ಜಾಗ ಹೆಡ್ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4.17. ಹೆಡ್ ಅಲ್ಲಿಗೆ ಸರಿಯಲು ಇನ್ನೊಂದು 8-9. ಒಟ್ಟು 12-13 ಮಿಲಿಸೆಕೆಂಡ್. ಹಾಗಾದರೆ ಅಲ್ಲೊಂದು ಇಲ್ಲೊಂದು ಚೆಲ್ಲಿದ ಓದುಗಳು ಸೆಕೆಂಡಿಗೆ 80ರ ಹತ್ತಿರ. ಒಂದೊಂದು ಓದು 4 ಕೆಬಿ ಅಂದುಕೊಳ್ಳಿ. ಒಟ್ಟು ಎಷ್ಟಾಯ್ತು? 320 ಕೆಬಿ! ಒಂದು ಎಂಬಿಯೂ ಇಲ್ಲ. ಡಿಸ್ಕ್ ಮಾತ್ರ ಉಸಿರು ಬಿಡಲೂ ಪುರುಸೊತ್ತಿಲ್ಲದೆ ದುಡಿಯುತ್ತಿರುತ್ತದೆ. ಡಿಸ್ಕ್ ತಾನೇ ಕೋರಿಕೆಗಳ ಸರದಿಯನ್ನು ಹಿಂದೆಮುಂದೆ ಮಾಡಿಕೊಂಡು ಇದಕ್ಕಿಂತ ಸ್ವಲ್ಪ ಜಾಸ್ತಿ ಎಳೆಯಬಹುದು, ಆದರೂ ಲೆಕ್ಕ ನೂರರ ಆಸುಪಾಸಿನದ್ದೇ. ಅದೇ ಡಿಸ್ಕ್ ಒಂದು ದೊಡ್ಡ ವಿಡಿಯೋವನ್ನು ಸಾಲಾಗಿ ಓದುವಾಗ 150-200 ಎಂಬಿ ಆರಾಮಾಗಿ ಕೊಡುತ್ತದೆ.

ಮಂಗಳೂರಿನ ಹಂಪನಕಟ್ಟೆಯ ಒಂದು ಆಡಿಟರ್ ಆಫೀಸಿನಲ್ಲಿ ಇದನ್ನೇ ಕಂಡದ್ದು. ಪ್ರತಿ ತಿಂಗಳು 20ರ ಹತ್ತಿರ, ಜಿಎಸ್‌ಟಿ ರಿಟರ್ನ್ ಕಟ್ಟುವ ಗಡಿಬಿಡಿಯಲ್ಲಿ, ಟ್ಯಾಲಿ ಎಲ್ಲರಿಗೂ ಒಟ್ಟಿಗೆ ನಿಲ್ಲುತ್ತಿತ್ತು. “ನೆಟ್‌ವರ್ಕ್ ಖಾಲಿ ಉಂಟು ಸಾರ್, ಡಿಸ್ಕ್ ಒಂದು ಎಂಬಿ ಸಹ ಕೊಡ್ತಾ ಇಲ್ಲ. ಡಿಸ್ಕೇ ಹಾಳು ಅಲ್ವಾ?” ಅಂತ ಅಲ್ಲಿಯ ಹುಡುಗ ಗ್ರಾಫ್ ತೋರಿಸಿದ. ಐಓಸ್ಟ್ಯಾಟ್‌ನಲ್ಲಿ ಬೇರೆಯೇ ಕತೆ ಇತ್ತು. ಸೆಕೆಂಡಿಗೆ 80ಕ್ಕೆ ಹತ್ತಿರ ಓದು, ಕ್ಯೂ 8, ಅವೇಟ್ 100 ಮಿಲಿಸೆಕೆಂಡ್. ಈ ಮೂರೂ ಒಂದಕ್ಕೊಂದು ತಾಳೆ ಆಗುತ್ತವೆ, ಗಮನಿಸಿ. ಸೆಕೆಂಡಿಗೆ 80 ಕೋರಿಕೆ, ಒಂದೊಂದೂ 0.1 ಸೆಕೆಂಡ್ ಕಾದರೆ, ಯಾವಾಗ ನೋಡಿದರೂ 8 ಕೋರಿಕೆ ಸರದಿಯಲ್ಲಿ ಇರಲೇಬೇಕು. ಡಿಸ್ಕ್‌ಗೆ ರೋಗವೇನೂ ಇರಲಿಲ್ಲ. ಟ್ಯಾಲಿಯ ಡೇಟಾ ಫೋಲ್ಡರನ್ನು ಒಂದು ಚಿಕ್ಕ ಎಸ್‌ಎಸ್‌ಡಿಗೆ ಸ್ಥಳಾಂತರ ಮಾಡಿದ್ದೇ ಮದ್ದು. ಹಳೆಯ ಡಿಸ್ಕ್‌ಗಳು ಸ್ಕ್ಯಾನ್ ಮಾಡಿದ ಕಾಗದಗಳಿಗೆ ಈಗಲೂ ಚೆನ್ನಾಗಿಯೇ ನಡೆಯುತ್ತಿವೆ.

ಕೊನೆಯ ಕಾಲಮ್ ‘ಯುಟಿಲ್’ ಬಗ್ಗೆ ಒಂದು ಮಾತು. ಅದು 100 ಮುಟ್ಟಿದರೆ ಜನ ಹೆದರುತ್ತಾರೆ. ಅದು ಹೇಳುವುದು ಇಷ್ಟೇ: ಈ 5 ಸೆಕೆಂಡಿನಲ್ಲಿ ಎಷ್ಟು ಪಾಲು ಹೊತ್ತು ಡಿಸ್ಕಿನ ಬಳಿ ಕನಿಷ್ಠ ಒಂದು ಕೆಲಸ ಬಾಕಿ ಇತ್ತು ಅಂತ. ತಿರುಗುವ ಒಂದೇ ಡಿಸ್ಕಿಗೆ ಇದು ಸರಿಯಾದ ಸೂಚನೆ. ಎಸ್‌ಎಸ್‌ಡಿ ಒಟ್ಟಿಗೆ ಹತ್ತಾರು ಕೋರಿಕೆ ನಿಭಾಯಿಸುತ್ತದೆ, ಅಲ್ಲಿ 100 ಕಂಡರೂ ಇನ್ನೂ ಬೇಕಾದಷ್ಟು ತಾಕತ್ತು ಉಳಿದಿರಬಹುದು. ರೇಡ್ ವಾಲ್ಯೂಮ್‌ಗೂ, ಅಂದರೆ ಹಲವು ಡಿಸ್ಕ್ ಸೇರಿಸಿ ಒಂದೇ ಆಗಿ ಬಳಸುವ ಜೋಡಣೆಗೂ, ಹಾಗೇ. ಅದಕ್ಕೇ ಯಾವಾಗಲೂ ಅಡಿಯ ಡಿಸ್ಕ್‌ಗಳ ಸಾಲುಗಳನ್ನೇ ನೋಡಿ, ಇಡೀ ರೇಡ್‌ನ ಲೆಕ್ಕ ತೋರಿಸುವ ‘ಎಂಡಿ’ ಸಾಲನ್ನು ನಂಬಿ ಕೂರಬೇಡಿ.

ಒಂದು ಡಿಸ್ಕ್ ಮಾತ್ರ ಬೇರೆ ಹಾಡುತ್ತಿದ್ದರೆ

ಈಗ ದಾರಿ ಎರಡಾಗುತ್ತದೆ. ಒಂದೇ ರೇಡ್‌ನ ಡಿಸ್ಕ್‌ಗಳು ಒಟ್ಟಿಗೆ ಕೆಲಸ ಮಾಡುವುದರಿಂದ ಅವುಗಳ ಅವೇಟ್ ಹೆಚ್ಚುಕಮ್ಮಿ ಒಂದೇ ಇರಬೇಕು. ಮೂರು ಡಿಸ್ಕ್ 10-12 ತೋರಿಸುವಾಗ ನಾಲ್ಕನೆಯದು 190 ತೋರಿಸಿದರೆ ಯಾರು ಏನು ಕಾಪಿ ಮಾಡ್ತಿದ್ದಾರೆ ಅಂತ ಹುಡುಕುವ ಅಗತ್ಯ ಇಲ್ಲ. ಆ ಒಂದು ಡಿಸ್ಕ್ ಇಡೀ ರೇಡನ್ನು ಹಿಡಿದು ನಿಲ್ಲಿಸಿದೆ.

ಉಡುಪಿಯ ಕಡಿಯಾಳಿಯ ಒಂದು ಸ್ಟುಡಿಯೋದಲ್ಲಿ ಹೀಗೇ ಆಯ್ತು. ಎಡಿಟಿಂಗ್ ಟೈಮ್‌ಲೈನ್ ನಡುವೆ ತಡೆದು ನಿಲ್ಲುತ್ತಿತ್ತು. ಒಂದಷ್ಟು ಸೆಕೆಂಡ್ ಸತ್ತಂತೆ ಇದ್ದು ಮತ್ತೆ ಓಡುತ್ತಿತ್ತು. ಕರ್ನಲ್ (ಲಿನಕ್ಸ್‌ನ ತಿರುಳು) ಬರೆದಿಡುವ ಲಾಗ್ ತೆರೆದರೆ ‘ಹಾರ್ಡ್ ರೀಸೆಟ್ಟಿಂಗ್ ಲಿಂಕ್’ ಎಂಬ ಸಾಲು ಮತ್ತೆ ಮತ್ತೆ ಬಂದಿತ್ತು. ಅದರ ನಂತರ ಸಾಟಾ (ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಲಿಂಕ್) ವೇಗವನ್ನು 6ರಿಂದ 3 ಗಿಗಾಬಿಟ್‌ಗೆ ಇಳಿಸಿದ ಸಾಲು. ‘ಸ್ಮಾರ್ಟ್‌ಸಿಟಿಎಲ್’ನಲ್ಲಿ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಬರೆದಿಡುವ ಸ್ಮಾರ್ಟ್ ಪಟ್ಟಿ ತೆಗೆದಾಗ 5 ನಂಬರಿನ ಸಾಲು, ಅಂದರೆ ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳು, ಸೊನ್ನೆ. 197, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು, ಅದೂ ಸೊನ್ನೆ. 199 ಮಾತ್ರ ಏರುತ್ತಾ ಇತ್ತು. ಅದು ಸಿಆರ್‌ಸಿ ತಪ್ಪುಗಳ ಲೆಕ್ಕ. ಡಿಸ್ಕಿಗೂ ಬೋರ್ಡಿಗೂ ನಡುವಿನ ಹಾದಿಯಲ್ಲಿ ಡೇಟಾ ಕೆಟ್ಟುಹೋದರೆ ಇದು ಏರುತ್ತದೆ. ಅಂದರೆ ಡಿಸ್ಕ್ ಅಲ್ಲ, ಕೇಬಲ್ ಅಥವಾ ಕನೆಕ್ಟರ್.

ಬಿಚ್ಚಿ ನೋಡಿದರೆ ಕನೆಕ್ಟರಿನ ಚಿನ್ನದ ಬಣ್ಣದ ಗೆರೆಗಳು ಮಂಕಾಗಿದ್ದವು, ಒಂದು ತುದಿಯಲ್ಲಿ ಹಸಿರು ಕಲೆ ಇತ್ತು. ಸರ್ವರ್ ಇಟ್ಟಿದ್ದು ಕಿಟಕಿ ಪಕ್ಕ, ಎಸಿ ಸಂಜೆ ಆಫ್. ಕಡಲ ಬದಿಯ ಊರು, ಉಪ್ಪು ಬೆರೆತ ತೇವದ ಗಾಳಿ, ಅದರ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಲೋಹ ಕಚ್ಚಲು ಇಷ್ಟು ಸಾಕಲ್ವಾ? ಹೊಸ ಕೇಬಲ್ ಹಾಕಿ, ಡಿಸ್ಕಿನ ಕಡೆಯ ಗೆರೆಗಳನ್ನು ಐಸೋಪ್ರೊಪೈಲ್‌ನಲ್ಲಿ ಒರೆಸಿದ ಮೇಲೆ ಅವೇಟ್ ಉಳಿದ ಮೂರರ ಸಾಲಿಗೆ ಬಂತು. ಒಂದು ನೆನಪಿಡಿ: 199ರ ಲೆಕ್ಕ ಯಾವತ್ತೂ ಸೊನ್ನೆಗೆ ಇಳಿಯುವುದಿಲ್ಲ. ಕೇಬಲ್ ಬದಲಿಸಿದ ದಿನ ಎಷ್ಟಿತ್ತು ಅಂತ ಬರೆದಿಡಿ. ಮುಂದೆ ಅದೇ ಅಂಕಿ ನಿಂತಿದ್ದರೆ ಗುಣವಾಗಿದೆ.

197 ಏರಿದ್ದರೆ ಕತೆ ಬೇರೆ. ಅದು ಡಿಸ್ಕಿನದೇ ರೋಗ. ಓದಲಾಗದ ಸೆಕ್ಟರನ್ನು ಡಿಸ್ಕ್ ಮತ್ತೆ ಮತ್ತೆ ಓದಲು ನೋಡುತ್ತದೆ, ಅಷ್ಟು ಹೊತ್ತೂ ಎಲ್ಲರೂ ಕಾಯಬೇಕು. ನ್ಯಾಸ್‌ಗಾಗಿ ಮಾಡಿದ ಡಿಸ್ಕ್‌ಗಳು ಸಾಮಾನ್ಯವಾಗಿ 7 ಸೆಕೆಂಡಿಗೆ ಕೈಚೆಲ್ಲಿ ‘ಆಗಲ್ಲ’ ಅನ್ನುತ್ತವೆ, ರೇಡ್ ಆ ಡೇಟಾವನ್ನು ಬೇರೆ ಡಿಸ್ಕ್‌ಗಳಿಂದ ಕಟ್ಟಿಕೊಳ್ಳುತ್ತದೆ. ಡೆಸ್ಕ್‌ಟಾಪ್ ಡಿಸ್ಕ್‌ಗಳು ಹಟ ಬಿಡದೆ ತುಂಬ ಹೊತ್ತು ಒದ್ದಾಡುತ್ತವೆ. ಲಿನಕ್ಸ್ ಮಾಮೂಲಾಗಿ 30 ಸೆಕೆಂಡ್ ಕಾದು, ಆಮೇಲೆ ಡಿಸ್ಕನ್ನೇ ರೀಸೆಟ್ ಮಾಡುತ್ತದೆ. ಅಷ್ಟಕ್ಕೇ ರೇಡ್ ಅದನ್ನು ಹೊರಗೆ ಹಾಕಲೂಬಹುದು. ಸ್ಮಾರ್ಟ್‌ಸಿಟಿಎಲ್‌ನಲ್ಲಿ ‘ಎಸ್‌ಸಿಟಿ ಇಆರ್‌ಸಿ’ ಕೇಳಿದರೆ ನಿಮ್ಮ ಡಿಸ್ಕ್ ಯಾವ ಜಾತಿ ಅಂತ ಗೊತ್ತಾಗುತ್ತದೆ. 70 ಅಂತ ಬಂದರೆ 7 ಸೆಕೆಂಡ್.

ಇನ್ನೊಂದು ಜಾತಿ ಎಸ್‌ಎಂಆರ್. ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಸ್ವಲ್ಪ ಹೊದ್ದುಕೊಂಡ ಟ್ರ್ಯಾಕ್‌ಗಳು, ನಡುವಿನ ಒಂದನ್ನು ಬದಲಿಸಬೇಕಾದರೆ ಅಕ್ಕಪಕ್ಕದ್ದನ್ನೂ ಮತ್ತೆ ಬರೆಯಬೇಕು. ಸ್ವಲ್ಪ ಹೊತ್ತು ಚೆನ್ನಾಗಿ ಬರೆದು, ಒಳಗಿನ ಕ್ಯಾಶ್ (ತಾತ್ಕಾಲಿಕವಾಗಿ ಬರೆದಿಡುವ ಜಾಗ) ತುಂಬಿದ ಮೇಲೆ ಕುಂಟಲು ಶುರು ಮಾಡುತ್ತವೆ. ಬರೆಯುವ ಅವೇಟ್ ನೂರಾರು ಮಿಲಿಸೆಕೆಂಡ್‌ಗೆ ಹೋಗುತ್ತದೆ. ಸ್ಮಾರ್ಟ್ ಮಾತ್ರ ಪೂರ್ತಿ ಶುದ್ಧ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸಾಲಿನ 2ರಿಂದ 6 ಟಿಬಿಯ ಕೆಲವು ಡಿಸ್ಕ್‌ಗಳು ಎಸ್‌ಎಂಆರ್ ಅಂತ ಗೊತ್ತಾಗಿ ದೊಡ್ಡ ಗಲಾಟೆಯಾಗಿತ್ತು. ಆಮೇಲೆಯೇ ‘ರೆಡ್ ಪ್ಲಸ್’ ಎಂಬ ಹೆಸರು ಬಂದದ್ದು. ನಾಲ್ಕರಲ್ಲಿ ಒಂದು ಡಿಸ್ಕನ್ನು ಆಮೇಲೆ ಬದಲಿಸಿದ ಸರ್ವರ್ ಆಗಿದ್ದರೆ ಮಾಡೆಲ್ ನಂಬರ್ ತಪ್ಪದೆ ನೋಡಿ.

ಡಿಸ್ಕ್ ಎಳೆಯುವ ಮೊದಲು ಸೀರಿಯಲ್ ನಂಬರ್ ಹೊಂದಿಸಿಕೊಳ್ಳಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಲಿನಕ್ಸ್ ಕೊಡುವ ಎಸ್‌ಡಿಎ, ಎಸ್‌ಡಿಬಿ ಹೆಸರುಗಳಿಗೂ ಪೆಟ್ಟಿಗೆಯ ಬೇ (ಡಿಸ್ಕ್ ಕೂರುವ ಗೂಡು) ನಂಬರಿಗೂ ಸಂಬಂಧ ಇರಬೇಕೆಂದೇನೂ ಇಲ್ಲ. ರೇಡ್ 5ರಲ್ಲಿ ಒಂದು ಡಿಸ್ಕ್ ಆಗಲೇ ಹೊರಬಿದ್ದಿರುವಾಗ ತಪ್ಪಿ ಸರಿ ಇರುವ ಇನ್ನೊಂದನ್ನು ಎಳೆದರೆ ವಾಲ್ಯೂಮ್ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೂ ಮೊದಲು ಬ್ಯಾಕಪ್. ಹೊಸ ಡಿಸ್ಕಿಗೆ ಡೇಟಾ ಮರಳಿ ತುಂಬುವ ರೀಬಿಲ್ಡ್ ಅಂದರೆ ಉಳಿದ ಎಲ್ಲ ಡಿಸ್ಕ್‌ಗಳನ್ನೂ ಮೊದಲಿನಿಂದ ಕೊನೆವರೆಗೆ ಓದಿಸುವ ಕೆಲಸ, ಮುದಿ ಡಿಸ್ಕ್‌ಗಳಿಗೆ ಅದೇ ಹೊರೆ.

ಎಲ್ಲ ಡಿಸ್ಕೂ ಒಟ್ಟಿಗೆ ಏದುಸಿರು ಬಿಡುತ್ತಿದ್ದರೆ

ಆಗ ಯಾರೋ ಕೆಲಸ ಕೊಡ್ತಿದ್ದಾರೆ ಅಂತ ಅರ್ಥ. ಮೊದಲ ಅನುಮಾನ ಸರ್ವರ್ ಮೇಲೆಯೇ. ‘ಪ್ರಾಕ್’ ಒಳಗಿನ ‘ಎಂಡಿಸ್ಟ್ಯಾಟ್’ ಫೈಲ್ ತೆರೆದು ನೋಡಿ. ರೀಸಿಂಕ್ ಅಥವಾ ಚೆಕ್ (ರೇಡ್ ತನ್ನ ಡಿಸ್ಕ್‌ಗಳನ್ನು ತಾಳೆ ನೋಡುವ ಕೆಲಸ) ಎಂಬ ಸಾಲು ಓಡುತ್ತಿದ್ದರೆ ಕಳ್ಳ ಸಿಕ್ಕಿದ. ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಬಳಗದ ಸರ್ವರ್‌ಗಳಲ್ಲಿ ಸಾಮಾನ್ಯವಾಗಿ ತಿಂಗಳ ಮೊದಲ ಭಾನುವಾರ ನಡುರಾತ್ರಿ ದಾಟಿದ ಮೇಲೆ ರೇಡ್ ಚೆಕ್ ತಾನಾಗಿ ಶುರುವಾಗುತ್ತದೆ. 8 ಟಿಬಿ ಡಿಸ್ಕನ್ನು ಸರಾಸರಿ 150 ಎಂಬಿ ವೇಗದಲ್ಲಿ ಓದಿದರೂ 15 ಗಂಟೆ ಹತ್ತಿರ ಬೇಕು. ಅಂದರೆ ಯಾರೂ ಮುಟ್ಟದಿದ್ದರೆ ಭಾನುವಾರ ಸಂಜೆಗೆ ಮುಗಿಯಬೇಕು. ನಮ್ಮೂರಿನ ಸ್ಟುಡಿಯೋಗಳಲ್ಲಿ ಮದುವೆ ಮುಗಿಸಿ ಮೆಮೊರಿ ಕಾರ್ಡ್ ಖಾಲಿ ಮಾಡುವುದು ಅದೇ ಭಾನುವಾರ ಸಂಜೆ! ಚೆಕ್ ಹಿಂದೆ ಬೀಳುತ್ತದೆ, ಕಾಪಿಯೂ ಕುಂಟುತ್ತದೆ, ಸೋಮವಾರ ಬೆಳಿಗ್ಗೆ ಫೋನು ಬರುತ್ತದೆ. “ತಿಂಗಳಿಗೊಮ್ಮೆ ಸೋಮವಾರ ಮಾತ್ರ ಸ್ಲೋ” ಅಂತ ಯಾರಾದರೂ ಹೇಳಿದರೆ ಬೇರೇನೂ ಕೇಳದೆ ಇದನ್ನೇ ನೋಡಿ.

ಚೆಕ್ಕನ್ನು ಪೂರ್ತಿ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ. ಎಲ್ಲೋ ಮೂಲೆಯಲ್ಲಿ ಓದಲಾಗದ ಸೆಕ್ಟರ್ ಇದ್ದರೆ ಮೊದಲೇ ತಿಳಿಸಿಕೊಡುವುದು ಅದೇ. ಅದರ ವೇಗದ ಮೇಲ್ಮಿತಿ ಮಾಮೂಲಾಗಿ ಸೆಕೆಂಡಿಗೆ 2,00,000 ಕೆಬಿ. ಅದನ್ನು ಇಳಿಸಿ, ಇಲ್ಲವೇ ವಾರದ ನಡುವಿನ ರಾತ್ರಿಗೆ ಹಾಕಿ. ಮದುವೆ ಕಡಿಮೆ ಇರುವ, ತುಳುವರ ಆಟಿ ತಿಂಗಳಲ್ಲಿ ಯಾವ ದಿನವಾದರೂ ನಡೆಯುತ್ತದೆ.

ರೇಡ್ ಸುಮ್ಮನಿದ್ದರೆ ಮುಂದೆ ‘ಐಓಟಾಪ್’. ಯಾವ ಪ್ರೋಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಮ್, ಡಿಸ್ಕನ್ನು ಎಷ್ಟು ಬಳಸುತ್ತಿದೆ ಅಂತ ಇದು ತೋರಿಸುತ್ತದೆ. ಕೆಲಸ ಮಾಡುತ್ತಿರುವ ಪ್ರೋಸೆಸ್‌ಗಳನ್ನು ಮಾತ್ರ, ಒಟ್ಟು ಲೆಕ್ಕದೊಂದಿಗೆ ತೋರಿಸುವಂತೆ ಓಡಿಸಿ ಎರಡು ನಿಮಿಷ ಬಿಡಿ. ಐಓ ಶೇಕಡಾ ಕಾಲಮ್ ಖಾಲಿ ಬಂದರೆ ಗಾಬರಿ ಬೇಡ. ಕರ್ನಲ್ 5.14ರಿಂದ ಈಚೆಗೆ ಆ ಲೆಕ್ಕ ಮಾಮೂಲಾಗಿ ಆಫ್ ಇರುತ್ತದೆ, ‘ಟಾಸ್ಕ್ ಡಿಲೇ ಅಕೌಂಟಿಂಗ್’ ಆನ್ ಮಾಡಿಕೊಳ್ಳಬೇಕು. ವಿಂಡೋಸ್ ಸಿಸ್ಟಮ್‌ಗಳಿಗೆ ಫೋಲ್ಡರ್ ಹಂಚುವುದು ಸಾಂಬಾ. ಅದರಲ್ಲಿ ಒಂದು ಅನುಕೂಲ ಉಂಟು. ಕನೆಕ್ಟ್ ಆದ ಪ್ರತಿ ಸಿಸ್ಟಮ್‌ಗೂ ಒಂದು ಪ್ರತ್ಯೇಕ ಪ್ರೋಸೆಸ್ ಇರುತ್ತದೆ. ಐಓಟಾಪ್‌ನಲ್ಲಿ ಮೇಲೆ ಕಾಣುವ ಪ್ರೋಸೆಸ್ ನಂಬರ್ ಹಿಡಿದು ‘ಎಸ್‌ಎಂಬಿಸ್ಟೇಟಸ್’ನಲ್ಲಿ ಹುಡುಕಿದರೆ ಯಾರ ಸಿಸ್ಟಮ್, ಯಾವ ಫೈಲ್ ತೆರೆದಿದ್ದಾರೆ ಅಂತ ನೇರವಾಗಿ ಸಿಗುತ್ತದೆ. ಆಗಾಗ ಕೊನೆಗೆ ಸಿಗುವುದು ರಿಸೆಪ್ಶನ್‌ನ ಸಿಸ್ಟಮ್! ಅಲ್ಲಿಯ ಆ್ಯಂಟಿವೈರಸ್ ಮ್ಯಾಪ್ ಮಾಡಿದ ಡ್ರೈವನ್ನೂ ತನ್ನದೇ ಅಂದುಕೊಂಡು ಪೂರ್ತಿ ಸ್ಕ್ಯಾನ್ ಮಾಡುತ್ತಿರುತ್ತದೆ.

ಲಿನಕ್ಸ್ ಸಿಸ್ಟಮ್‌ಗಳಿಗೆ ಫೋಲ್ಡರ್ ಹಂಚುವ ಎನ್‌ಎಫ್‌ಎಸ್ ಆದರೆ ಈ ಸುಖ ಇಲ್ಲ. ಅದು ಕರ್ನಲ್ ಒಳಗೇ ನಡೆಯುವುದರಿಂದ ಐಓಟಾಪ್ ಬರೀ ‘ಎನ್‌ಎಫ್‌ಎಸ್‌ಡಿ’ ಅಂತ ತೋರಿಸಿ ಸುಮ್ಮನಾಗುತ್ತದೆ. ಕ್ಲೈಂಟ್ ಸಿಸ್ಟಮ್‌ಗೇ ಹೋಗಿ ‘ಎನ್‌ಎಫ್‌ಎಸ್‌ಐಓಸ್ಟ್ಯಾಟ್’ ಓಡಿಸಬೇಕು.

ಬರೆಯುವವರನ್ನು ಹಿಡಿಯುವುದು ಸ್ವಲ್ಪ ಕಷ್ಟ. ಬರೆದದ್ದು ಮೊದಲು ರ‍್ಯಾಮ್‌ನಲ್ಲಿ ಕೂರುತ್ತದೆ, ಸುಮಾರು 30 ಸೆಕೆಂಡ್ ಹಳತಾದ ಮೇಲೆ ಡಿಸ್ಕಿಗೆ ಇಳಿಯುತ್ತದೆ. ಇಳಿಸುವುದು ಕರ್ನಲ್. ಹಾಗಾಗಿ ಐಓಟಾಪ್‌ನಲ್ಲಿ ‘ಕೆವರ್ಕರ್’ ಹೆಸರು ಕಾಣುತ್ತದೆ, ನಿಜವಾದ ಆಸಾಮಿ ಆಗಲೇ ಜಾಗ ಖಾಲಿ ಮಾಡಿರುತ್ತಾನೆ. ರ‍್ಯಾಮ್ ಜಾಸ್ತಿ ಇದ್ದರೆ ಈ ರಾಶಿಯೂ ದೊಡ್ಡದು. ಕಾಪಿ ಶುರುವಿನಲ್ಲಿ 110ರಲ್ಲಿ ಓಡಿ, ನಡುವೆ ಧಡ್ ಅಂತ ಬಿದ್ದು, ಮತ್ತೆ ಏಳುವುದು ಈ ಕಾರಣಕ್ಕೆ. ‘ಫ್ಯಾಟ್ರೇಸ್’ ಎಂಬ ಚಿಕ್ಕ ಪ್ರೋಗ್ರಾಮ್ ಇದೆ, ಯಾವ ಪ್ರೋಸೆಸ್ ಯಾವ ಫೈಲ್ ಮುಟ್ಟುತ್ತಿದೆ ಅಂತ ಆಗಿಂದಾಗ್ಗೆ ಹೇಳುತ್ತದೆ. ನ್ಯಾಸ್ ತಾನೇ ಫೋಟೋಗಳಿಗೆ ಚಿಕ್ಕ ಚಿತ್ರ ಮಾಡುತ್ತಾ, ಇಂಡೆಕ್ಸ್ ಹಾಕುತ್ತಾ ಕೂತಿದೆ ಎಂಬುದು ಅಲ್ಲಿ ಬಯಲಾಗುತ್ತದೆ. ಒಂದು ಮದುವೆಯ ಸಾವಿರಾರು ಫೋಟೋ ಬಿದ್ದ ರಾತ್ರಿ ಇದು ಗ್ಯಾರಂಟಿ.

ಸಿಸಿ ಕ್ಯಾಮೆರಾ ರೆಕಾರ್ಡಿಂಗನ್ನೂ ಅದೇ ನ್ಯಾಸ್‌ಗೆ ಹಾಕಿದವರಿದ್ದಾರೆ. 16 ಕ್ಯಾಮೆರಾ, ತಲಾ 4 ಮೆಗಾಬಿಟ್ ಅಂದರೆ ಒಟ್ಟು ಸೆಕೆಂಡಿಗೆ 8 ಎಂಬಿ ಅಷ್ಟೇ. ಆದರೆ ಅದು ಹಗಲು ರಾತ್ರಿ ನಿಲ್ಲುವುದಿಲ್ಲ, 16 ಫೈಲ್‌ಗಳ ನಡುವೆ ಹೆಡ್ ಓಡಾಡುತ್ತಲೇ ಇರಬೇಕು. ರೇಡ್ 5 ಆದರೆ ಚಿಕ್ಕ ಬರಹ ಒಂದಕ್ಕೆ ಡಿಸ್ಕ್ ಕೆಲಸ 4: ಹಳೆಯ ಡೇಟಾ ಓದು, ಹಳೆಯ ಪ್ಯಾರಿಟಿ (ಕಳೆದ ಡೇಟಾ ಮರಳಿ ಕಟ್ಟಲು ಇಟ್ಟ ಲೆಕ್ಕ) ಓದು, ಎರಡನ್ನೂ ಮತ್ತೆ ಬರೆ. ಕ್ಯಾಮೆರಾಗೆ ಬೇರೆ ಡಿಸ್ಕ್ ಕೊಡಿ, ವಾದ ಬೇಡ.

ಓದು ಸರಿ ಇದ್ದು ಬರಹ ಮಾತ್ರ ಏಕಾಏಕಿ ನಿಧಾನವಾಗಿದ್ದರೆ, ಸರ್ವರ್‌ನಲ್ಲಿ ರೇಡ್ ಕಾರ್ಡ್ ಇದ್ದರೆ, ಅದರ ಬ್ಯಾಟರಿ ನೋಡಿ. ಬ್ಯಾಟರಿ ಸತ್ತರೆ ಕಾರ್ಡ್ ತನ್ನ ಕ್ಯಾಶನ್ನು ನಂಬುವುದು ಬಿಟ್ಟು ಪ್ರತಿ ಬರಹವನ್ನೂ ಡಿಸ್ಕಿಗೆ ಮುಟ್ಟಿಸಿಯೇ ‘ಆಯ್ತು’ ಅನ್ನುತ್ತದೆ. ಬ್ಯಾಟರಿ ಇಲ್ಲದೆಯೂ ಕ್ಯಾಶ್ ಬಳಸು ಅಂತ ಒತ್ತಾಯ ಮಾಡುವ ಆಪ್ಶನ್ ಇರುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವ ಊರಿನಲ್ಲಿ ಅದನ್ನು ಮುಟ್ಟಬೇಡಿ.

ಅಲ್ಲಿ ಇಲ್ಲದಾಗ ನಡೆದದ್ದು

ನೀವು ಹೋದಾಗ ಎಲ್ಲ ಸರಿ ಇರುತ್ತದೆ, ಬಂದ ಮೇಲೆ ಮತ್ತೆ ಫೋನು. ಇದಕ್ಕೆ ‘ಸಾರ್’ ಬೇಕು. ಸಿಸ್‌ಸ್ಟ್ಯಾಟ್ ಜೊತೆಗೇ ಬರುತ್ತದೆ, ಡೆಬಿಯನ್‌ನಲ್ಲಿ ಮಾತ್ರ ಅದರ ಸೆಟ್ಟಿಂಗ್ ಫೈಲ್‌ನಲ್ಲಿ ಆನ್ ಮಾಡಬೇಕು. ಆನ್ ಮಾಡಿದರೆ 10 ನಿಮಿಷಕ್ಕೊಮ್ಮೆ ಡಿಸ್ಕ್ ಲೆಕ್ಕ ಬರೆದಿಡುತ್ತದೆ. 10 ನಿಮಿಷದ ಸರಾಸರಿಯಲ್ಲಿ 30 ಸೆಕೆಂಡಿನ ತಡೆ ಕಾಣದೆ ಹೋಗಬಹುದು, ಅದಕ್ಕೆ 2 ನಿಮಿಷಕ್ಕೆ ಇಳಿಸಿ. ಡೆಬಿಯನ್‌ನಲ್ಲಿ ಮಾಮೂಲಾಗಿ 7 ದಿನದ ಲೆಕ್ಕ ಮಾತ್ರ ಉಳಿಯುತ್ತದೆ. ತಿಂಗಳಿಗೊಮ್ಮೆ ಬರುವ ತೊಂದರೆಗೆ ಅದು ಸಾಲದು, ಒಂದು ತಿಂಗಳಿಗೆ ಏರಿಸಿ. ಗ್ರಾಫ್ ಬೇಕಿದ್ದವರಿಗೆ ಪ್ರೊಮೀಥಿಯಸ್, ಗ್ರಫಾನಾ ಇವೆ, ನಾಲ್ಕು ಡಿಸ್ಕಿನ ಆಫೀಸಿಗೆ ಸಾರ್ ಸಾಕು. ರಾತ್ರಿ ಡಿಸ್ಕ್ ನಿದ್ರೆಗೆ ಹೋಗುವಂತೆ ಇಟ್ಟವರು ಈ ಲಾಗ್‌ಗಳನ್ನು ಅದೇ ಡಿಸ್ಕಿಗೆ ಬರೆಸಬೇಡಿ. ಸ್ಮಾರ್ಟ್‌ಸಿಟಿಎಲ್‌ಗೂ ಮಲಗಿದ ಡಿಸ್ಕನ್ನು ಎಬ್ಬಿಸಬೇಡ ಅಂತ ಹೇಳುವ ಆಪ್ಶನ್ ಇದೆ, ಹಾಕಿಕೊಳ್ಳಿ.

ಎಲ್ಲ ಸರಿ ಇರುವ ಒಂದು ದಿನ, ಕೆಲಸ ಜೋರಾಗಿರುವ 11 ಗಂಟೆ ಹೊತ್ತಿಗೆ, ಪ್ರತಿ ಡಿಸ್ಕಿನ ಅವೇಟ್, 197 ಮತ್ತು 199ರ ಅಂಕಿ, ಸೀರಿಯಲ್ ನಂಬರ್, ಬೇ ನಂಬರ್ ಬರೆದು ಪೆಟ್ಟಿಗೆಯ ಬದಿಗೆ ಅಂಟಿಸಿ. ಚೀಟಿಯ ಮೇಲೆ ತಾರೀಕು ಹಾಕಿ, ಮೇಲೊಂದು ಅಗಲದ ಸೆಲ್ಲೋಟೇಪ್ ಹಚ್ಚಿ. ಇಲ್ಲದಿದ್ದರೆ ಒಂದೇ ಮಳೆಗಾಲದಲ್ಲಿ ಶಾಯಿ ಹರಡಿಬಿಡುತ್ತದೆ.